ಹುರಿನೂಲು ಬೀದಿಯ ಗೂಟದ ರಾಜಣ್ಣ

ಕೊಳ್ಳೇಗಾಲದಿಂದ ಹನೂರಿನ ಮೇಲೆ ಮಲೆ ಮಹದೇಶ್ವರ ಬೆಟ್ಟಕ್ಕೆ ಖಾಸಗಿ ಬಸ್ಸು ಓಡಿಸಿ ನಿವೃತ್ತನಾದ ರಾಜಣ್ಣ ತನ್ನ ಇಡೀ ಸರ್ವೀಸಿನಲ್ಲಿ ಒಬ್ಬ ಮನುಷ್ಯನಿಗೂ ಬಸ್ಸು ತಾಗಿಸಿದವನಲ್ಲ. ಇದನ್ನು ಅವನೇ ಎಲ್ಲರಿಗೂ ಹೇಳುತ್ತಿದ್ದ. ಜಗಲಿಯ ಅಂಚು, ಚರಂಡಿಯ ಚಪ್ಪಡಿ, ಬೀಡಿ ಅಂಗಡಿಯ ಚಪ್ಪರದ ಕಂಬ, ಯಾರದೋ ಮನೆ ಮುಂದಿನ ಬಟ್ಟೆ ಒಗೆಯುವ ಕಲ್ಲು ಇವುಗಳ ಮಾತು ಮಾತ್ರ ಎತ್ತುತ್ತಿರಲಿಲ್ಲ. ಅಜ್ಜೀಪುರದ ತಿರುವಿನಲ್ಲಿ ಅವನ ಬಸ್ಸು ಬರುವ ಹೊತ್ತಿಗೆ ಹೆಂಗಸರು ಜಗಲಿಯ ಮೇಲೆ ಒಣಹಾಕಿದ ಸಂಡಿಗೆಯನ್ನು ಒಳಕ್ಕೆ ಸಾಗಿಸುತ್ತಿದ್ದರಂತೆ. ಯಾರಾದರೂ ಬಸ್ಸಿನ ಹಿಂದೆ ಓಡಿಬಂದು ಬೈದರೆ ರಾಜಣ್ಣ ಕಿಟಕಿಯಿಂದ ತಲೆ ಹೊರಗೆ ಹಾಕಿ, "ರೋಡ್ಗೆ ಅಷ್ಟೊಂದು ಅತ್ರ ಯಾಕ್ರೀ ಕಟ್ಕಂಡ್ರಿ?" ಎಂದು ಕೇಳಿ ಗೇರು ಬದಲಿಸುತ್ತಿದ್ದ.

ಇಂಥ ರಾಜಣ್ಣ ಕೊಳ್ಳೇಗಾಲದ ಹುರಿನೂಲು ಬೀದಿಯಲ್ಲಿ ಸೈಟು ಕೊಂಡು ಮನೆ ಕಟ್ಟಿಸಿದ. ಬೀದಿಯ ತುಂಬ ರೇಷ್ಮೆ ಮಗ್ಗದವರ ಮನೆಗಳು. ಬೀದಿಯ ನಡುವೆ ಒಂದು ತಿರುವು, ತಿರುವಿನ ಮೂಗಿನ ಮೇಲೆ ಒಂದು ಖಾಲಿ ಸೈಟು. ತಲೆಮಾರುಗಳಿಂದ ಆ ಬೀದಿಯಲ್ಲೇ ಇದ್ದವರು ಯಾರೂ ಅದನ್ನು ಕೊಳ್ಳಲು ಹೋಗಿರಲಿಲ್ಲ. ಯಾಕಿರಬಹುದು ಎಂದು ಹೆಂಡತಿ ಯಶೋದ ಕೇಳಿದ್ದಳು. "ಕಾರ್ನರ್ ಸೈಟು ಕಣೆ, ಎರಡು ಕಡೆ ರೋಡು" ಎಂದು ರಾಜಣ್ಣ ಉತ್ತರ ಕೊಟ್ಟಿದ್ದ. ಎರಡು ಕಡೆ ರಸ್ತೆ ಇದ್ದರೆ ಎರಡು ಕಡೆಯಿಂದಲೂ ಗಾಡಿ ಬರುತ್ತದೆ ಎಂಬುದು ಡ್ರೈವರಾಗಿದ್ದವನಿಗೆ ಹೊಳೆಯಲಿಲ್ಲ. ಕಾಂಪೌಂಡಿಗೆ ಹೊಳೆಯುವ ಟೈಲ್ಸು ಹಾಕಿಸಿ, ಗೇಟಿನ ಕಂಬಗಳ ಮೇಲೆ ಸಿಮೆಂಟಿನ ಕಮಲ ಕೂರಿಸಿ, ಸಂಜೆ ಅದರ ಮುಂದೆ ನಿಂತು ಬೀದಿಯವರು ನೋಡಲಿ ಎಂದು ಕಾಯುತ್ತಿದ್ದ.

ಮಾರುಕಟ್ಟೆಯ ಗಲಾಟೆ ತಪ್ಪಿಸಲು ಗಾಡಿಗಳೆಲ್ಲ ಆ ಬೀದಿಯಿಂದಲೇ ನುಗ್ಗುತ್ತಿದ್ದವು. ಒಂದು ಬೆಳಿಗ್ಗೆ ಕಬ್ಬಿನ ಟ್ರ್ಯಾಕ್ಟರು ತಿರುವಿಗೆ ಬಂತು. ಅದರ ಇಂಜಿನ್ನೂ ಮೊದಲ ಟ್ರೇಲರೂ ಸಲೀಸಾಗಿ ತಿರುಗಿದವು. ಎರಡನೆಯ ಟ್ರೇಲರು ಮಾತ್ರ ಸೀದಾ ರಾಜಣ್ಣನ ಕಾಂಪೌಂಡಿನೊಳಗಿಂದ ದಾರಿ ಮಾಡಿಕೊಂಡಿತು. ಕಾಫಿ ಲೋಟ ಹಿಡಿದೇ ಹೊರಗೆ ಓಡಿಬಂದ ರಾಜಣ್ಣನಿಗೆ ಕಮಲವೊಂದು ಚರಂಡಿಯಲ್ಲಿ ಅಂಗಾತ ಬಿದ್ದಿರುವುದು ಕಂಡಿತು. ಟ್ರ್ಯಾಕ್ಟರಿನ ಡ್ರೈವರ್ ಮಾದು ಕೆಳಗಿಳಿಯುವ ತೊಂದರೆಯನ್ನೇ ತೆಗೆದುಕೊಳ್ಳಲಿಲ್ಲ. ಹಿಂದಿರುಗಿ ನೋಡಿ, "ರೋಡ್ಗೆ ಇಷ್ಟು ಅತ್ರ ಕಟ್ಕಂಡಿದ್ದೀರಲ್ಲ ಸಾ" ಎಂದ. ಆ ಮಾತಿಗೆ ಏನು ಉತ್ತರ ಕೊಡಬೇಕೆಂದು ಅಷ್ಟು ವರ್ಷಗಳಲ್ಲಿ ರಾಜಣ್ಣನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮತ್ತೆ ಕಟ್ಟಿಸಿದ. ಈ ಸಲ ಇಟ್ಟಿಗೆಯ ಟೆಂಪೋ ಬಂತು. ಆಮೇಲೆ ರಾಜಣ್ಣ ಗೋಡೆ ಕಟ್ಟುವುದನ್ನು ಬಿಟ್ಟು ಯಳಂದೂರಿನ ಕಡೆಯ ಕಲ್ಲು ಕ್ವಾರಿಗೆ ಹೋದ. ಕೊರೆದು ಮಿಕ್ಕಿದ ಕರಿಕಲ್ಲಿನ ತುಂಡುಗಳಲ್ಲಿ ಸೊಂಟದೆತ್ತರದವನ್ನು ಆರಿಸಿ ತಂದು, ಆಳವಾಗಿ ಗುಂಡಿ ತೆಗೆಸಿ, ಕಾಂಕ್ರೀಟು ತುಂಬಿ ತಿರುವಿನುದ್ದಕ್ಕೂ ನೆಡಿಸಿದ. ಹಳದಿ ಕಪ್ಪು ಪಟ್ಟೆ ಬಳಿದು ರಾತ್ರಿ ಮಿನುಗುವ ಸ್ಟಿಕ್ಕರು ಅಂಟಿಸಿದ. ಹಾರ್ಡ್‌ವೇರ್ ಅಂಗಡಿಯವನು ಇದಕ್ಕೆ ಬೊಲಾರ್ಡ್ ಅನ್ನುತ್ತಾರೆ ಎಂದು ಹೇಳಿದ್ದ. ರಾಜಣ್ಣನ ಬಾಯಲ್ಲಿ ಅದು ಬೋಲಾಟು ಆಯಿತು. ಬೀದಿಯವರು ಗೂಟ ಎಂದರು.

ತಿಂಗಳು ಕಳೆಯುವಷ್ಟರಲ್ಲಿ ಮಾದು ಮತ್ತೆ ಬಂದ, ಎಂದಿನ ವೇಗದಲ್ಲೇ ತಿರುಗಿಸಿದ. ಹಿಂದಿನ ಟ್ರೇಲರಿನ ಚಕ್ರ ಕರಿಕಲ್ಲಿಗೆ ತಗುಲಿ ಟೈರು ಒಡೆದು, ಆಕ್ಸಲ್ಲು ಬಾಗಿ, ಕಬ್ಬೆಲ್ಲ ಬೀದಿಗೆ ಸುರಿಯಿತು. ಹುರಿನೂಲು ಬೀದಿಯವರು ಕೂಡಲೇ ಸಹಾಯಕ್ಕೆ ಧಾವಿಸಿದರು. ಆ ಸಹಾಯ ಮುಗಿದಾಗ ರಸ್ತೆಯಲ್ಲಿದ್ದ ಕಬ್ಬಿಗಿಂತ ಮನೆಗಳ ಹಿತ್ತಲಲ್ಲಿದ್ದ ಕಬ್ಬೇ ಜಾಸ್ತಿಯಾಗಿತ್ತು. ಕಲ್ಲಿಗೆ ಒಂದು ಗೀರು ಬಿದ್ದಿತ್ತು, ಅಷ್ಟೆ. ರಾಜಣ್ಣ ಮಾದುವನ್ನು ಕರೆದು ಜಗಲಿಯ ಮೇಲೆ ಕೂರಿಸಿ ಕಾಫಿ ಕೊಟ್ಟ.

"ಇದ್ಯಾಕ್ ನೆಟ್ರಿ ಸಾ ಈ ಗೂಟವ?" ಎಂದು ಮಾದು ಕೇಳಿದ.

"ಬೋಲಾಟು ಅನ್ನು."

"ಏನಾರ ಆಗ್ಲಿ. ನಮ್ಮಂತೋರು ಗಾಡಿ ಓಡಿಸೋದು ಬ್ಯಾಡ್ವಾ?"

"ಓಡ್ಸಪ್ಪ. ನೋಡ್ಕಂಡು ಓಡ್ಸು" ಎಂದ ರಾಜಣ್ಣ. ಅಷ್ಟು ರುಚಿಯಾದ ಕಾಫಿಯನ್ನು ತಾನು ಜೀವಮಾನದಲ್ಲೇ ಕುಡಿದಿರಲಿಲ್ಲ ಎಂದು ಆಮೇಲೆ ಯಶೋದಳ ಹತ್ತಿರ ಹೇಳಿಕೊಂಡ. ಅದು ಬೆಳಿಗ್ಗೆಯದೇ ಡಿಕಾಕ್ಷನ್ನು ಎಂದು ಅವಳು ಹೇಳಿದಳು.

ಸುದ್ದಿ ಹಬ್ಬಿತು. ಬೀದಿಯಲ್ಲಿ ರೇಷ್ಮೆ ಸೀರೆಯ ದೊಡ್ಡ ವ್ಯಾಪಾರ ಮಾಡುವ ಚೌಡೇಶ ಹುರಿನೂಲು ಬೀದಿ ಹಿತರಕ್ಷಣಾ ಸಂಘದ ಅಧ್ಯಕ್ಷ. ಅಲ್ಲಿಯತನಕ ಆ ಸಂಘ ರಕ್ಷಿಸಿದ್ದು ಗಣೇಶನ ಹಬ್ಬದ ಮೈಕ್ ಸೆಟ್ಟನ್ನು ಮಾತ್ರ. ಚೌಡೇಶ ತಿರುವಿಗೆ ಬಂದು ಕಲ್ಲನ್ನು ಅಲ್ಲಾಡಿಸಿ ನೋಡಿ, ಅದು ಅಲ್ಲಾಡದ್ದನ್ನು ಕಂಡು, ಇಂಥದ್ದು ನಮ್ಮ ಇಡೀ ಬೀದಿಗೇ ಬೇಕು ಎಂದು ಸಭೆ ಕರೆದ. ಬೀದಿಯ ಎರಡು ಬಾಯಿಗೂ ಸಾಲಾಗಿ ಕಬ್ಬಿಣದ ಕಂಬ ನೆಡುವುದು, ಮೇಲಿನ ಬಾಯಿ ಪೂರ್ತಿ ಬಂದ್, ಕೆಳಗಿನ ಬಾಯಿಯಲ್ಲಿ ನಡುವಿನ ಒಂದು ಕಂಬ ಮಾತ್ರ ಕಿತ್ತಿಡುವಂಥದ್ದು, ಅದಕ್ಕೊಂದು ಬೀಗ, ಬೀದಿಯವರ ಗಾಡಿ ಬಂದಾಗ ಮಾತ್ರ ತೆಗೆಯುವುದು ಎಂದು ತೀರ್ಮಾನವಾಯಿತು. ಯಾರನ್ನಾದರೂ ಅನುಮತಿ ಕೇಳಬೇಕೇ ಎಂದು ಕಾರ್ಯದರ್ಶಿ ರಂಗರಾಜು ಮೆಲ್ಲಗೆ ಕೇಳಿದ. ಕೇಳಿದರೆ ಕೊಡದೆ ಹೋಗಬಹುದು ಎಂಬ ಕಾರಣಕ್ಕೆ ಸಭೆ ಆ ವಿಷಯವನ್ನು ಕೈಬಿಟ್ಟಿತು. ಬೀಗದ ಕೈ ಯಾರ ಹತ್ತಿರ ಇರಬೇಕು ಎಂಬ ಪ್ರಶ್ನೆ ಬಂದಾಗ ಮಾತ್ರ ಗಲಾಟೆಯಾಯಿತು. ಪ್ರತಿಯೊಬ್ಬನೂ ತನ್ನ ಹತ್ತಿರವೇ ಇರಲಿ ಎಂದ. ಕೊನೆಗೆ, ಸ್ವಂತ ಗಾಡಿಯಿಲ್ಲದ ಏಕೈಕ ಮನುಷ್ಯ ಎಂಬ ಅರ್ಹತೆಯ ಮೇಲೆ ರಾಜಣ್ಣನಿಗೆ ಕೊಟ್ಟರು.

ಬಸ್ಸಿನಲ್ಲಿ ಕಂಡಕ್ಟರೇ ಯಜಮಾನ, ಮನೆಯಲ್ಲಿ ಯಶೋದ. ಹಾಗೆ ಬದುಕಿ ಬಂದವನಿಗೆ ಮೊದಲ ಬಾರಿಗೆ ಒಂದು ಅಧಿಕಾರ ಸಿಕ್ಕಿತ್ತು. ಹಳೆಯ ಖಾಕಿ ಅಂಗಿಯನ್ನು ಟ್ರಂಕಿನಿಂದ ತೆಗೆದು ಇಸ್ತ್ರಿ ಮಾಡಿಸಿದ. ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡು, ಕೊರಳಿಗೊಂದು ಸೀಟಿ ನೇತುಹಾಕಿಕೊಂಡು, ಕೆಳಗಿನ ಬಾಯಿಯ ಹೊಂಗೆ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತ. ಮಂತ್ರಿಗಳಿಗೆ ಗೂಟದ ಕಾರಿದ್ದರೆ ರಾಜಣ್ಣನಿಗೆ ಕಾರಿಲ್ಲದ ಗೂಟ ಎಂದು ಬೀದಿಯವರು ನಕ್ಕರು. ಗೂಟದ ರಾಜಣ್ಣ ಎಂಬ ಹೆಸರು ಅಂಟಿಕೊಂಡಿತು.

ಅವನು ಹಾಲಿನ ಟೆಂಪೋ ನಿಲ್ಲಿಸಿದ, ಗ್ಯಾಸಿನ ಆಟೋ ನಿಲ್ಲಿಸಿದ, ಶಾಲೆಯ ವ್ಯಾನು ನಿಲ್ಲಿಸಿದ. ಹೆಂಗಸರು ಸಿಲಿಂಡರನ್ನು ಬೀದಿಯುದ್ದಕ್ಕೂ ಉರುಳಿಸಿಕೊಂಡು ಹೋದರು. ಅಜ್ಜೀಪುರದಿಂದ ಯಶೋದಳ ತಮ್ಮ ಆಟೋದಲ್ಲಿ ರಾಗಿ ಮೂಟೆ ತಂದಾಗಲೂ ಕಂಬ ತೆಗೆಯಲಿಲ್ಲ.

"ನಿನ್ ಬಾಮೈದ ಕಣಯ್ಯ" ಎಂದಳು ಯಶೋದ.

"ಬಾಮೈದ ಬರ್ಲಿ. ಆಟೋ ಔಟ್‌ಸೈಡು."

"ರಾಗಿ ಯಾವ್ ಸೈಡು? ಇವತ್ತಿಂದ ಮುದ್ದೆ ಆ ಹೊಂಗೆ ಮರದ ತಾವೇ ಉಣ್ಣು" ಎಂದು ಅವಳು ಮೂಟೆಯ ಒಂದು ಕಿವಿ ಹಿಡಿದಳು. ಇನ್ನೊಂದು ಕಿವಿಯನ್ನು ತಮ್ಮ ಹಿಡಿದ. ರಾಜಣ್ಣ ಸೀಟಿ ಊದಿ ಅವರಿಗೆ ದಾರಿ ಬಿಡಿಸಿದ.

ಈ ವ್ಯವಸ್ಥೆಯಿಂದ ನಿಜವಾಗಿ ಕಷ್ಟಕ್ಕೆ ಬಿದ್ದವಳೆಂದರೆ ಸೊಪ್ಪಿನ ಚಿಕ್ಕನಿಂಗಮ್ಮ. ಅವಳದು ನಾಲ್ಕು ಚಕ್ರದ ತಳ್ಳುಗಾಡಿ. ಹುರಿನೂಲು ಬೀದಿಯಲ್ಲಿ ಅದು ಒಂದು ಇರುವೆಗೂ ತಾಗಿದ್ದಿಲ್ಲ. ಕಂಬಗಳ ನಡುವೆ ಬೈಕು ತೂರುತ್ತಿತ್ತು, ತಳ್ಳುಗಾಡಿ ಹಿಡಿಸುತ್ತಿರಲಿಲ್ಲ. ಬೀಗ ತೆಗೆಯಬಹುದೇ ಎಂದು ರಾಜಣ್ಣ ಸಂಘವನ್ನು ಕೇಳಿದ. ಅವಳು ಬೀದಿಯ ನಿವಾಸಿಯಲ್ಲ, ಆದ್ದರಿಂದ ಅವಳ ಗಾಡಿ ಹೊರಗಿನ ವಾಹನ ಎಂದು ಸಂಘ ಹೇಳಿತು.

"ರೂಲು ಕಣವ್ವ, ನನ್ ಕೈಲಿಲ್ಲ" ಎಂದ ರಾಜಣ್ಣ.

"ಬೀಗದ್ಕೈ ಉಡಿದಾರದಾಗೆ ಕಟ್ಕಂಡು ಕೈಲಿಲ್ಲ ಅಂತೀಯಲ್ಲ" ಎಂದು ಅವಳು ಗಾಡಿಯನ್ನು ಕಂಬಕ್ಕೇ ಒತ್ತಿ ನಿಲ್ಲಿಸಿದಳು. ಒಂದು ವಾರದಲ್ಲಿ ಎರಡು ಕಂಬಗಳಿಗೆ ಟಾರ್ಪಾಲು ಕಟ್ಟಿ ನೆರಳು ಮಾಡಿಕೊಂಡಳು. ಮನೆಮನೆ ಮುಂದೆ ನಿಂತು ಕೂಗುತ್ತಿದ್ದವಳು ಈಗ ಕೂತಲ್ಲೇ ಕೂತಳು. ಬೀದಿಯ ಹೆಂಗಸರೇ ಚೀಲ ಹಿಡಿದು ಅವಳ ಹತ್ತಿರ ನಡೆದು ಬಂದರು. ಹಿಂದೆಯೆಲ್ಲ ಚೌಕಾಸಿ ಮಾಡುತ್ತಿದ್ದವರು ಅಷ್ಟು ದೂರ ನಡೆದು ಬಂದ ಮೇಲೆ ಬರಿಗೈಲಿ ಹಿಂತಿರುಗಲಾರದೆ ಅವಳು ಹೇಳಿದ ರೇಟಿಗೆ ಕೊಂಡರು.

ಚೌಡೇಶ ಒಂದು ಮಧ್ಯಾಹ್ನ ಕಾರು ನಿಲ್ಲಿಸಿ, "ರಾಜಣ್ಣೋರೆ, ನೀವ್ಯಾಕೆ ಬಿಸ್ಲಲ್ಲಿ ಏಳ್ತೀರಿ, ಕೈ ಕೊಡಿ, ನಾನೇ ತೆಗೀತೀನಿ" ಎಂದು ಬಹಳ ವಿನಯದಿಂದ ಬೀಗದ ಕೈ ತೆಗೆದುಕೊಂಡು ಸಂಜೆಗೆ ವಾಪಸು ತಂದುಕೊಟ್ಟ. ಮರುದಿನ ರಂಗರಾಜು ಅದೇ ವಿನಯದಿಂದ ಬಂದ. ಆ ವಾರ ಹುರಿನೂಲು ಬೀದಿಯಲ್ಲಿ ವಿನಯ ಒಂದು ಸಾಂಕ್ರಾಮಿಕದಂತೆ ಹಬ್ಬಿತು. ಆಮೇಲೆ ರಾಜಣ್ಣ ಬೆಳಿಗ್ಗೆ ಬಂದು ನೋಡಿದರೆ ನಡುವಿನ ಕಂಬ ಹೊಂಗೆ ಮರಕ್ಕೆ ಒರಗಿರುತ್ತಿತ್ತು. ಬೀದಿಯೊಳಗೆ ಬೀದಿಯವರ ಕಾರುಗಳು, ಅವರ ನೆಂಟರ ಕಾರುಗಳು, ನೆಂಟರ ಸ್ನೇಹಿತರ ಕಾರುಗಳು ನಿಂತಿರುತ್ತಿದ್ದವು. ತನ್ನದೇ ತಪ್ಪಿರಬೇಕೆಂದು ಭಾವಿಸಿ ಅವನು ಬೀಗವನ್ನು ಎರಡೆರಡು ಸಲ ಜಗ್ಗಿ ನೋಡಿ ಮನೆಗೆ ಹೋಗತೊಡಗಿದ. ಬೀಗಕ್ಕೆ ಎಣ್ಣೆ ಬಿಟ್ಟ. ಕೊನೆಗೆ ಅನುಮಾನ ಬಂದು ಬಸ್ ಸ್ಟಾಂಡಿನ ಹತ್ತಿರ ಬೀಗದ ಕೈ ಮಾಡುವವನಲ್ಲಿಗೆ ಹೋಗಿ ಉಡಿದಾರದಿಂದ ಬಿಚ್ಚಿ ತೋರಿಸಿದ.

ಅವನು ಕೈಗೂ ತೆಗೆದುಕೊಳ್ಳಲಿಲ್ಲ. "ಹುರಿನೂಲು ಬೀದೀದಾ ಸಾ? ಅದ್ರ ಅಳ್ತೆ ನನ್ ತಾವೇ ಅದೆ. ಎಷ್ಟ್ ಬೇಕು?"

ರಾಜಣ್ಣ ಸಂಘದ ಸಭೆಯಲ್ಲಿ ಈ ವಿಷಯ ಎತ್ತಿದ. ಸಭೆ ಸಿಟ್ಟಿನಿಂದ ಕುದಿಯಿತು. ಇಂಥ ನೀಚ ಕೆಲಸ ಮಾಡಿದವರು ಬೀದಿಗೇ ದ್ರೋಹಿಗಳು ಎಂದು ಚೌಡೇಶ ಮೇಜು ಗುದ್ದಿದ. ಹೊರಗಿನ ವಾಹನಕ್ಕೆ ಯಾವ ಕಾರಣಕ್ಕೂ ಬೀಗ ತೆಗೆಯಕೂಡದು, ಇದು ಅಧ್ಯಕ್ಷರಿಗೂ ಅನ್ವಯಿಸುತ್ತದೆ ಎಂದು ನಿರ್ಣಯ ಬರೆಸಿ ತಾನೇ ಮೊದಲ ಸಹಿ ಹಾಕಿದ. ಸಭೆ ಮುಗಿದು ಚಪ್ಪಲಿ ಹಾಕಿಕೊಳ್ಳುವಾಗ ಬಗ್ಗಿದವರ ಜೇಬಿನಲ್ಲಿ ಲೋಹದ ಸದ್ದಾಯಿತು. ರಾಜಣ್ಣ ಮರುದಿನ ಹನೂರಿಗೆ ಹೋಗಿ, ಕೊಳ್ಳೇಗಾಲದಲ್ಲಿ ಯಾರಿಗೂ ಗೊತ್ತಾಗದ ಹಾಗೆ ಒಂದು ದಪ್ಪನೆಯ ಹೊಸ ಬೀಗ ತಂದು ಹಾಕಿದ.

ಅದಾದ ಮಾರನೆಯ ಬೆಳಿಗ್ಗೆ ಚೌಡೇಶನ ಮಗಳು ಚೈತ್ರಳ ನಿಶ್ಚಿತಾರ್ಥ. ಯಳಂದೂರಿನಿಂದ ಗಂಡಿನ ಕಡೆಯವರು ಒಂದು ವ್ಯಾನು, ಎರಡು ಕಾರು ಮಾಡಿಕೊಂಡು ಬಂದರು. ರಾಹುಕಾಲಕ್ಕೆ ಮುಂಚೆ ಹೊಸಿಲು ದಾಟಬೇಕಿತ್ತು. ಬೀಗರಾಗಲಿರುವವರು ಬೀಗದ ಮುಂದೆ ಬಂದು ನಿಂತರು.

ರಾಜಣ್ಣ ಕುರ್ಚಿಯಲ್ಲೇ ಇದ್ದ. ಅವನನ್ನು ಕೇಳುವುದು ಚೌಡೇಶನ ರೇಷ್ಮೆ ಪಂಚೆಗೆ ಕಡಿಮೆಯೆನಿಸಿತೋ ಏನೋ, ಬೀಗರ ಕಡೆ ನಗುತ್ತ ಸೊಂಟದಿಂದ ಒಂದು ಬೀಗದ ಕೈ ತೆಗೆದು ಬಗ್ಗಿ ತಿರುವಿದ. ತಿರುಗಲಿಲ್ಲ. ಮತ್ತೆ ತಿರುವಿದ. ರಂಗರಾಜು, "ನಿಮ್ದು ಸವೆದಿರ್ಬೇಕು, ತಾಳಿ" ಎಂದು ತನ್ನದನ್ನು ತೆಗೆದ. ಅದೂ ಆಗಲಿಲ್ಲ. ಹಸಿರು ಬಾಗಿಲಿನ ಮನೆಯವರು ತಮ್ಮದು ಹೊಸದು ಎಂದು ಮುಂದೆ ಬಂದರು. ಮಗ್ಗದ ಮೇಸ್ತ್ರಿ, ಹಿಟ್ಟಿನ ಮಿಲ್ಲಿನವರು, ಸಭೆಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಕೂಗಾಡಿದ್ದ ಖಜಾಂಚಿ, ಒಬ್ಬರ ಹಿಂದೆ ಒಬ್ಬರು ಬಂದು ಬಗ್ಗಿ ಬೀಗಕ್ಕೆ ನಮಸ್ಕಾರ ಮಾಡಿದಂತೆ ಮಾಡಿ ಎದ್ದರು. ವ್ಯಾನಿನ ಕಿಟಕಿಯಿಂದ ಮದುಮಗ ಗಣೇಶ್ ಇದನ್ನೆಲ್ಲ ಮೊಬೈಲಿನಲ್ಲಿ ಹಿಡಿಯುತ್ತಿದ್ದ.

ಟಾರ್ಪಾಲಿನ ಕೆಳಗೆ ಸೊಪ್ಪಿಗೆ ನೀರು ಚಿಮುಕಿಸುತ್ತಿದ್ದ ಚಿಕ್ಕನಿಂಗಮ್ಮ ಕೈ ನಿಲ್ಲಿಸಿ, "ಎಲ್ರ್ ತಾವೂ ಅವಲ್ಲಪ್ಪ. ಇಲ್ದಿದ್ದೋಳು ನಾನೊಬ್ಳೇಯಾ?" ಎಂದಳು.

ಚೌಡೇಶ ರಾಜಣ್ಣನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಕೈ ಕೊಡಿ ರಾಜಣ್ಣೋರೆ" ಎಂದ.

"ಎಂಗಾಯ್ತದೆ ಸಾ? ಹೊರಗಿನ ಗಾಡಿಗೆ ತೆಗೀಬ್ಯಾಡ ಅಂತ ನಿರ್ಣಯ ಆಗದೆ. ಮೊದ್ಲ ಸೈನು ನಿಮ್ದೇಯ."

"ಬೀಗ್ರು ಕಣ್ರಿ ಅವ್ರು."

"ನನ್ ಬಾಮೈದನ್ನೂ ಬುಟ್ಟಿಲ್ಲ ಸಾ."

ಅಷ್ಟರಲ್ಲಿ ವ್ಯಾನಿನ ಬಾಗಿಲು ತೆರೆದು ಗಣೇಶನ ಅಜ್ಜಿ ರಾಮಮ್ಮ ಕೆಳಗೆ ಕಾಲು ಚಾಚಿದರು. ಅವರಿಗೆ ಮಂಡಿನೋವು, ನಡೆಯಲಾಗದು. ರಾಹುಕಾಲ ಬರುವ ಮುಂಚೆ ತಾನು ಒಳಗೆ ಹೋಗಿಯೇ ಸಿದ್ಧ ಎಂದು ಅವರು ಹಟ ಹಿಡಿದರು. ರಾಜಣ್ಣ ಗಟ್ಟಿ ಮನುಷ್ಯನಾದರೂ ಮುದುಕಿಯನ್ನು ನೋಡಿ ಎದ್ದು ತನ್ನ ಕುರ್ಚಿ ಕೊಟ್ಟ. ಕುರ್ಚಿ ಕೊಟ್ಟವನು ಹೊರಲೂ ಬೇಕಾಯಿತು. ಎಡಗಡೆ ರಾಜಣ್ಣ, ಬಲಗಡೆ ರೇಷ್ಮೆ ಪಂಚೆ ಎತ್ತಿಕಟ್ಟಿದ ಚೌಡೇಶ. ಕಂಬಗಳ ನಡುವೆ ಅಡ್ಡಲಾಗಿ ತೂರುವಾಗ ಚೌಡೇಶನ ಮೊಣಕೈ ಕಬ್ಬಿಣಕ್ಕೆ ಚೆನ್ನಾಗಿಯೇ ತಗುಲಿತು.

ರಾಮಮ್ಮ ಮೇಲಿನಿಂದ ಬೀದಿಯನ್ನೆಲ್ಲ ನೋಡುತ್ತ ಹೋದರು. "ಇದ್ಯಾಕಪ್ಪ ಗೂಟ ನೆಟ್ಟಿದ್ದೀರಿ? ಕಳ್ರ ಕಾಟವಾ?"

"ಇಲ್ಲ ಕಣವ್ವ. ಲಾರಿ, ಟ್ರ್ಯಾಕ್ಟ್ರು ಬತ್ತಿದ್ವು" ಎಂದ ರಾಜಣ್ಣ ಏದುಸಿರಿನಲ್ಲಿ.

"ಈಗ?"

"ಈಗ ಬರಕ್ಕಾಗಲ್ಲ."

"ನಾವೂ ಬರಕ್ಕಾಗ್ನಿಲ್ವಲ್ಲ" ಎಂದರು ರಾಮಮ್ಮ.

ರಾಹುಕಾಲಕ್ಕೆ ಮುಂಚೆ ಹೊಸಿಲು ದಾಟಿದ್ದಾಯಿತು, ನಿಶ್ಚಿತಾರ್ಥವೂ ಆಯಿತು. ಅಜ್ಜಿಯನ್ನು ಇಳಿಸಿದ ಮೇಲೆ ಬಾಗಿಲಲ್ಲಿ ರಾಜಣ್ಣನಿಗೆ ಯಾರೂ ಬನ್ನಿ ಎನ್ನಲಿಲ್ಲ. ಒಳಗಿನಿಂದ ಹೋಳಿಗೆಯ ವಾಸನೆ ಬರುತ್ತಿತ್ತು. ಕುರ್ಚಿ ಒಳಗೇ ಉಳಿದಿದ್ದರಿಂದ ಅವನು ಹೊಂಗೆ ಮರದ ಕೆಳಗೆ ನಿಂತೇ ಇದ್ದ. ಇಡೀ ಬೀದಿಯ ಕಳ್ಳತನ ಬಯಲಿಗೆಳೆದ ದಿನ ಎದೆ ಉಬ್ಬಬೇಕಿತ್ತು. ಬೆಳಿಗ್ಗೆ ಸ್ವಲ್ಪ ಹೊತ್ತು ಉಬ್ಬಿತ್ತು ಕೂಡ. ಊಟಕ್ಕೆ ಹೋಗಿ ಬಂದ ಯಶೋದ ಎಲೆ ಅಡಿಕೆ ಅಗಿಯುತ್ತ ಅವನ ಎದುರು ನಿಂತಳು.

"ಹೆಣ್ ಮಗೀನ ಶುಭಕಾರ್ಯದ ದಿನ ಸೇಡು ತೀರಿಸ್ಕಂಡ್ಯಲ್ಲ. ಹೊಟ್ಟೆ ತುಂಬ್ತಾ?"

"ತುಂಬ್ತು" ಎಂದ ರಾಜಣ್ಣ. ತುಂಬಿರಲಿಲ್ಲ. ಅವಳು ಸೆರಗಿನಿಂದ ಹೋಳಿಗೆಯ ಪೊಟ್ಟಣ ತೆಗೆದು ಕೊಟ್ಟಾಗ ಬೇಡವೆನ್ನಲೂ ಇಲ್ಲ.

ಸಂಘ ಅವನನ್ನು ಕಿತ್ತುಹಾಕಿದ್ದು ನಮ್ಮ ಕಡೆಯ ಪದ್ಧತಿಯಂತೆ ಸನ್ಮಾನ ಮಾಡಿ. ಗಂಧದ ಹಾರ, ಹಣ್ಣಿನ ಬುಟ್ಟಿ, ಶಾಲು, ತಲೆಗೆ ಚಿಕ್ಕದಾದ ಒಂದು ಮೈಸೂರು ಪೇಟ. ರಾಜಣ್ಣನವರು ನಿಸ್ವಾರ್ಥ ಸೇವೆ ಸಲ್ಲಿಸಿದ್ದಾರೆ, ಇನ್ನು ವಿಶ್ರಾಂತಿ ಪಡೆಯಲಿ ಎಂದು ಚೌಡೇಶ ಭಾಷಣ ಮಾಡಿದ. ಬೀಗದ ಕೈಯನ್ನು ಕಳ್ಳತನದಲ್ಲಿ ಮಾಡಿಸಿಕೊಂಡವರ ಬಗ್ಗೆ ಯಾರೂ ಮಾತೆತ್ತಲಿಲ್ಲ. ಮಾತೆತ್ತಲು ಮಿಕ್ಕವರು ಯಾರೂ ಇರಲಿಲ್ಲ. ನಡುವಿನ ಕಂಬವನ್ನು ಶಾಶ್ವತವಾಗಿ ತೆಗೆದು, ಬೀಗವನ್ನು ಸಂಘದ ಬೀರುವಿನಲ್ಲಿ ಇಟ್ಟರು.

ಇಷ್ಟಾದ ಮೇಲೆ ಕೆಳಗಿನ ಬಾಯಿಯಲ್ಲಿ ಒಂದು ಕಾರು ನುಸುಳುವಷ್ಟು ಜಾಗವಾಯಿತು. ಟ್ರ್ಯಾಕ್ಟರಿಗೂ ಲಾರಿಗೂ ಅದು ಸಾಲದು. ಆಟೋ ಬಂತು, ಸಿಲಿಂಡರ್ ಬಂತು, ಬೀದಿ ಶಾಂತವಾಯಿತು. ಬೀಗವೇ ಇಲ್ಲದೆ ಮೊದಲೇ ಹೀಗೆ ನೆಡಬಹುದಿತ್ತು. ಆದರೆ ಅದನ್ನು ಹೇಳುವವರಿಲ್ಲದೆ, ಇದು ಅಧ್ಯಕ್ಷರ ದೂರದೃಷ್ಟಿ ಎಂದು ಫ್ಲೆಕ್ಸು ಬಿತ್ತು. ಫ್ಲೆಕ್ಸನ್ನು ಕಟ್ಟಿದ್ದೂ ಕಂಬಗಳಿಗೇ. ಚಿಕ್ಕನಿಂಗಮ್ಮನಿಗೆ ಈಗ ಒಳಗೆ ಹೋಗಲು ದಾರಿಯಿತ್ತು, ಅವಳು ಹೋಗಲಿಲ್ಲ. ಕಂಬಗಳ ಮರೆಯಲ್ಲಿದ್ದ ಅವಳ ಅಂಗಡಿಗೆ ಯಾವ ಗಾಡಿಯೂ ತಾಗುವಂತಿರಲಿಲ್ಲ. ಅಂಥ ಭದ್ರವಾದ ಜಾಗ ಇಡೀ ಕೊಳ್ಳೇಗಾಲದಲ್ಲಿ ಇನ್ನೊಬ್ಬ ವ್ಯಾಪಾರಿಗೆ ಸಿಕ್ಕಿರಲಿಲ್ಲ. ಅವಳು ದಾರಿಗೆ ಅಡ್ಡವೆಂದು ಸಂಘ ಒಮ್ಮೆ ತಕರಾರು ತೆಗೆಯಿತು. ಸಂಘದವರ ಹೆಂಡತಿಯರು ಆ ತಕರಾರನ್ನು ಮನೆಯಲ್ಲೇ ಮುಗಿಸಿದರು.

ರಾಜಣ್ಣ ಕೆಲವು ತಿಂಗಳು ಮಂಕಾಗಿದ್ದ. ಖಾಕಿ ಅಂಗಿ ಟ್ರಂಕಿಗೆ ಹೋಯಿತು. ಆದರೆ ಅವನ ಹೆಸರು ಹಳೆಯ ಬಸ್ಸಿನ ರೂಟಿನುದ್ದಕ್ಕೂ ಹಬ್ಬಿತ್ತು. ಕೌದಳ್ಳಿಯಲ್ಲಿ ಬೆಟ್ಟದ ರಸ್ತೆಯ ತಿರುವಿನಲ್ಲಿ ಬೇಕರಿ ಇಟ್ಟಿರುವ ಮಹದೇವಯ್ಯನಿಂದ ಕರೆ ಬಂತು. ಅಮಾವಾಸ್ಯೆಗೆ ಬೆಟ್ಟಕ್ಕೆ ಹೋಗುವ ಗಾಡಿಗಳು ಅವನ ಅಂಗಡಿಯ ಮೆಟ್ಟಿಲನ್ನೂ ಗಾಜಿನ ಬೀರುವನ್ನೂ ಒಡೆದುಹಾಕಿದ್ದವು. ರಾಜಣ್ಣ ಶುಭ್ರವಾದ ಬಿಳಿ ಅಂಗಿ ತೊಟ್ಟು ಹೋದ, ತಿರುವನ್ನು ಅಡ್ಡಾಡಿ ನೋಡಿದ, ಡ್ರೈವರು ಎಲ್ಲಿ ಸ್ಟಿಯರಿಂಗ್ ಎಳೆಯುತ್ತಾನೆ, ಹಿಂದಿನ ಚಕ್ರ ಎಲ್ಲಿ ಹಾಯುತ್ತದೆ ಎಂದು ಕಾಲಲ್ಲೇ ಗೆರೆ ಎಳೆದು ತೋರಿಸಿದ.

"ಇಲ್ಲಿಂದ ಇಲ್ಲಿಗೆ ಕಲ್ಲು ನೆಡ್ಸು" ಎಂದ.

"ಸರಿ ಸಾ. ಒಂದೇ ಒಂದು ವಿಚಾರ" ಎಂದ ಮಹದೇವಯ್ಯ. "ಗಿರಾಕಿ ಗಾಡಿ ಮೆಟ್ಲ ತಾವ್ಕೆ ಬರ್ಬೇಕು. ಮಿಕ್ಕೋರ್ದು ಬರ್ಬಾರ್ದು. ಅಂಗೆ ನೆಡಾಕಾಗುತ್ತಾ?"

ರಾಜಣ್ಣ, "ಅಂತಾ ಕಲ್ಲು ಯಾವ್ ಕ್ವಾರೀಲೂ ಸಿಗಲ್ಲ ಕಣಪ್ಪ" ಎಂದು, ಕೊಟ್ಟ ಬೆಣ್ಣೆ ಬನ್ನು ತಿಂದು, ಯಶೋದಳಿಗೊಂದು ಕಟ್ಟಿಸಿಕೊಂಡು ಕೊಳ್ಳೇಗಾಲದ ಬಸ್ಸು ಹತ್ತಿದ. ಅಜ್ಜೀಪುರದಲ್ಲಿ ಹೊಸ ಡ್ರೈವರು ಒಂದು ಜಗಲಿಯ ಅಂಚನ್ನು ಸವರಿಕೊಂಡು ಹೋದಾಗ ಬಸ್ಸಿನವರೆಲ್ಲ ಎದ್ದು ನೋಡಿದರು. ರಾಜಣ್ಣ ಕೂತಲ್ಲಿಂದಲೇ, "ಎಳೀಬೇಕು ಕಣಪ್ಪ, ಇನ್ನೊಸಿ ಬಲಕ್ಕೆ ಎಳೀಬೇಕು" ಎಂದ.

ಡ್ರೈವರು ಕನ್ನಡಿಯಲ್ಲಿ ಅವನನ್ನು ಗುರುತು ಹಿಡಿದು ನಕ್ಕು, ಟಿಕೆಟ್ ತೆಗೆದುಕೊಂಡಿದ್ದಾನೋ ಇಲ್ಲವೋ ನೋಡು ಎಂದು ಕಂಡಕ್ಟರಿಗೆ ಹೇಳಿದ.